ದಾರಿ ಬಿಡದ ಲಾರಿ

ಸಂಡೂರಿನ ಘಾಟಿ ಇಳಿಯುವಾಗ ಅಣ್ಣನ ಕಾರಿನ ಬ್ರೇಕ್ ಹಿಡಿಯಲೇ ಇಲ್ಲ. ಜಪಾನಿನ ಆ ಹಳೆಯ ಸ್ಪೋರ್ಟ್ಸ್ ಕಾರಿಗೆ ಬಿಡಿಭಾಗ ಸಿಗದೆ ಅವನೇ ಜೀಪಿನ ಬ್ರೇಕ್ ಪೈಪು ಜೋಡಿಸಿದ್ದ, ಅದು ಕಿತ್ತುಹೋಗಿತ್ತು. ಗೇರು ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದರೂ ಕಾರು ನಿಲ್ಲಲಿಲ್ಲ. ಮುಂದೆ ಅದಿರು ತುಂಬಿದ ಲಾರಿ. ಅಣ್ಣ ಹಾರನ್ ಒತ್ತುತ್ತಲೇ ಇದ್ದ. ನಾನು ಕಿಟಕಿಯಿಂದ ತಲೆ ಹೊರಹಾಕಿ, "ಬ್ರೇಕ್ ಇಲ್ರೀ!" ಎಂದು ಕಿರುಚಿದೆ.

ಲಾರಿ ಪಕ್ಕಕ್ಕೆ ಸರಿಯಲಿಲ್ಲ. ನಮ್ಮ ಮುಂದೆಯೇ ಮೆಲ್ಲಗೆ ವೇಗ ತಗ್ಗಿಸಿತು. ಕಾರಿನ ಮೂತಿ ಅದರ ಹಿಂಭಾಗಕ್ಕೆ ತಾಗಿ ನಜ್ಜಾಯಿತು, ಎರಡೂ ನಿಂತವು. ಚಾಲಕರು ಇಳಿದುಬಂದು ನಮ್ಮ ಚಕ್ರಕ್ಕೆ ಕಲ್ಲು ಕೊಟ್ಟರು.

"ಮುಂದಿನ ತಿರುವು ಭಾಳ ಕೆಟ್ಟೈತಿ ತಂಗಿ. ನಾ ದಾರಿ ಬಿಟ್ಟಿದ್ರ ನೀವು ಕಣಿವ್ಯಾಗ ಇರ್ತಿದ್ರಿ" ಎಂದರು.

ಗಾಬರಿಯಲ್ಲಿ ಅವರ ಹೆಸರು ಕೇಳುವುದನ್ನೇ ಮರೆತೆವು. ಇದು ಎಂಬತ್ತರ ದಶಕದ ಮಾತು. ಅದಿರು ಲಾರಿ ಎದುರಾದರೆ ಈಗಲೂ ಚಾಲಕರ ಮುಖ ನೋಡುತ್ತೇನೆ.