ರಜೆ ಸಿಕ್ಕಿತ್ತು

ನನ್ನ ತಂಗಿಯ ಮದುವೆಗೆ ನಾನು ಹೋಗಲಿಲ್ಲ. ಕಫೀಲ್, ಅಂದರೆ ಸೌದಿಯ ಮಾಲೀಕ, ರಜೆ ಕೊಡಲಿಲ್ಲ ಎಂದು ಹೇಳಿದೆ. ಅದು ಸುಳ್ಳು. ರಜೆ ಸಿಕ್ಕಿತ್ತು, ಹೋಗಿಬರುವ ವೀಸಾ ಆಗಿತ್ತು, ಟಿಕೆಟ್ ಕೈಯಲ್ಲಿತ್ತು. ನಾನು ಒಂದು ಆಟ ನೋಡಲು ಉಳಿದುಕೊಂಡೆ.

ಆಟ ನೋಡಲು — ಬರೆದ ಮೇಲೆ ಎಷ್ಟು ಸಣ್ಣದಾಗಿ ಕಾಣಿಸುತ್ತದೆ. ಸೌದಿಗೆ ಬಂದ ನಮ್ಮ ಕರಾವಳಿಯವರಲ್ಲಿ ಮನೆಯ ಮದುವೆ ತಪ್ಪಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಒಬ್ಬನ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದಿತ್ತು, ಇನ್ನೊಬ್ಬನ ಕಂಪನಿ ಮುಚ್ಚಿತ್ತು. ನಾನೂ ಅವರ ಸಾಲಿನಲ್ಲಿ ಹೋಗಿ ನಿಂತುಕೊಂಡೆ. ಕಫೀಲ್ ಬಿಡಲಿಲ್ಲ ಎಂದರೆ ಊರಿನಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಪಾಪ ಎನ್ನುತ್ತಾರೆ. ಆ ಪಾಪ ಎನ್ನುವ ಮಾತನ್ನು ಇಷ್ಟು ವರ್ಷ ನಾನು ಕೇಳಿಸಿಕೊಂಡೆ, ತಲೆ ತಗ್ಗಿಸಿದೆ, ಒಮ್ಮೆಯೂ ಬೇಡ ಎನ್ನಲಿಲ್ಲ.

ನಾನು ಮರದ ಕೆಲಸದವನು, ಹೆಸರು ಸುಧಾಕರ. ಏಳನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಉಳಿ ಹಿಡಿದೆ. ಅಪ್ಪ ತೀರಿಕೊಂಡ ಮೇಲೆ ಜಿದ್ದಾಗೆ ಬಂದು ಅಬು ತುರ್ಕಿ ಎಂಬ ಹಿರಿಯರ ಫರ್ನಿಚರ್ ವರ್ಕ್‌ಶಾಪ್ ಸೇರಿದೆ. ನನ್ನ ವೀಸಾ ಅವರ ಹೆಸರಿನಲ್ಲಿದೆ, ಅವರೇ ನನ್ನ ಕಫೀಲ್. ಊರಿನಲ್ಲಿ ಅಮ್ಮ ಮತ್ತು ತಂಗಿ ಅಶ್ವಿನಿ. ಅವಳಿಗೆ ನಾನೊಬ್ಬನೇ ಅಣ್ಣ. ನಮ್ಮಲ್ಲಿ ಮದುವೆಯ ದಿನ ಅಣ್ಣ ಮಾಡಲೇಬೇಕಾದ ಒಂದು ಕೆಲಸವಿದೆ. ಹೋಮದ ಮುಂದೆ ನಿಂತ ತಂಗಿಯ ಬೊಗಸೆಗೆ ಅವನು ಹೊದಳು ಸುರಿಯಬೇಕು, ಅಂದರೆ ಹುರಿದು ಅರಳಿಸಿದ ಭತ್ತ. ಅವಳು ಅದನ್ನು ಬೆಂಕಿಗೆ ಅರ್ಪಿಸುತ್ತಾಳೆ. ಅಪ್ಪ ಇಲ್ಲದ ಮನೆಯಲ್ಲಿ ಆ ಕೈ ನನ್ನದಾಗಬೇಕಿತ್ತು.

ಈಗ ಆ ಆಟದ ವಿಷಯ. ಅದನ್ನು ಹೇಳುವಾಗ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ವರ್ಕ್‌ಶಾಪಿನಲ್ಲಿ ಸೋಫಾಗಳಿಗೆ ಬಟ್ಟೆ ಹಾಕುವ ಫಿಲಿಪೀನಿ ಒಬ್ಬನಿದ್ದ, ರೊಮ್ಮೆಲ್. ಒಂದು ದಿನ ಮುರಿದ ಬ್ಯಾಟ್ ತಂದು ರಿಪೇರಿ ಮಾಡಲು ಆಗುತ್ತದೆಯೇ ಎಂದು ಕೇಳಿದ. ಕ್ರಿಕೆಟ್ಟಿನದಲ್ಲ, ಉರುಟು ಒನಕೆಯ ಹಾಗಿತ್ತು. ಬೇಸ್‌ಬಾಲ್ ಎಂದ. ಆಗಲಿಕ್ಕಿಲ್ಲ ಎಂದೆ, ಆದರೆ ಇಲ್ಲಿ ಝಾನ್ ಎಂದು ಕರೆಯುವ ಗಟ್ಟಿ ಮರದ ಒಂದು ತುಂಡನ್ನು ಲೇತಿಗೆ ಹಾಕಿ ಅಂಥದೇ ಹೊಸದನ್ನು ಕಡೆದುಕೊಟ್ಟೆ. ಅದು ಹೇಗೆ ಆಡುತ್ತದೆ ನೋಡೋಣ ಎಂದು ಶುಕ್ರವಾರ ಬೆಳಿಗ್ಗೆ ಊರ ಹೊರಗಿನ ಮೈದಾನಕ್ಕೆ ಹೋದೆ. ಹೋದವನು — ಮತ್ತೆ ಪ್ರತಿ ಶುಕ್ರವಾರ ಹೋದೆ.

ಮೊದಲ ದಿನ ಏನೂ ಅರ್ಥವಾಗಲಿಲ್ಲ. ಎಸೆಯುವವನು ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ಮೂರು ಸಲ ತಪ್ಪಿದರೆ ಹೊಡೆಯುವವನು ಔಟ್. ಹೊಡೆದರೆ ಬ್ಯಾಟ್ ಬಿಸಾಡಿ ಓಡಬೇಕು, ಮೂರು ಮೂಲೆ ದಾಟಿ ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಒಂದು ರನ್, ಆ ಜಾಗಕ್ಕೆ ‘ಮನೆ’ ಎನ್ನುತ್ತಾರೆ. ಅಷ್ಟೇ. ಆದರೆ ಒಬ್ಬನು ಮೂರನೆಯ ಮೂಲೆಯಲ್ಲಿ ಬಗ್ಗಿ ನಿಂತಿರುತ್ತಾನಲ್ಲ, ಮನೆ ಕಣ್ಣೆದುರಿಗೇ ಇರುತ್ತದಲ್ಲ, ಹೊಡೆಯುವವನು ಹೊಡೆಯುವವರೆಗೆ ಅವನು ಹೆಚ್ಚಾಗಿ ಅಲ್ಲೇ ಕಾಯಬೇಕು. ಆಗ ನನ್ನ ಕಾಲಿನ ಬೆರಳುಗಳು ಚಪ್ಪಲಿಯೊಳಗೇ ಮಡಚಿಕೊಳ್ಳುತ್ತಿದ್ದವು.

ನಮ್ಮ ತಂಡದ ಹೆಸರು ಬಲದ್ ಬಾಯ್ಸ್, ಬಲದ್ ಎಂದರೆ ಜಿದ್ದಾದ ಹಳೆಯ ಪೇಟೆ. ದರ್ಜಿಗಳು, ಚಾಲಕರು, ಒಬ್ಬ ಅಡುಗೆಯವನು. ಅಂಗಿ ಒಬ್ಬೊಬ್ಬರದು ಒಂದೊಂದು ಬಣ್ಣ, ಟೋಪಿ ಮಾತ್ರ ಎಲ್ಲರದೂ ಕೆಂಪು. ಚಳಿಗಾಲದ ಪಂದ್ಯಾವಳಿಯಲ್ಲಿ ನಮ್ಮ ಗುಂಪಿನಲ್ಲಿ ಮೇಲಿದ್ದವರು ಕಾಂಪೌಂಡಿನವರು — ದೊಡ್ಡ ಕಂಪನಿಯ ವಸತಿಯಿಂದ ಬಸ್ಸಿನಲ್ಲಿ ಬಂದಿಳಿಯುವ ಎತ್ತರದ ಜನ, ತಂಪು ಪೆಟ್ಟಿಗೆಯ ತುಂಬ ಜ್ಯೂಸ್. ಗುಂಪಿನಲ್ಲಿ ಮೊದಲು ಬಂದವರು ಮಾತ್ರ ಫೈನಲಿಗೆ. ಆ ಚಳಿಗಾಲದ ಅರ್ಧದವರೆಗೂ ನಾವು ಎಲ್ಲರಿಗಿಂತ ಕೆಳಗಿದ್ದೆವು. ಆಮೇಲೆ ಏನಾಯಿತೋ, ಗೆಲ್ಲತೊಡಗಿದೆವು. ಒಂದು ಶುಕ್ರವಾರ ಕೆಲಸ ಹೆಚ್ಚಿದ್ದು ನಾನು ಹೋಗಲಿಲ್ಲ, ಅಂದು ಸೋತರು. ಮರುದಿನ ರೊಮ್ಮೆಲ್ ಸೂಜಿ ಹಿಡಿದುಕೊಂಡೇ ತನ್ನ ಹರಕು ಹಿಂದಿಯಲ್ಲಿ, “ಸುಧಾ, ತುಮ್ ನಹೀ ಆಯಾ, ಹಮ್ ಖಲಾಸ್,” ಎಂದ. ತಮಾಷೆಗೆ ಹೇಳಿದ್ದು. ನಾನಿಲ್ಲದಿದ್ದರೆ ಅವರು ಮುಗಿದರು — ಈ ಮಾತು ನನಗೆ ಎಷ್ಟು ಸಿಹಿಯಾಗಿತ್ತೆಂದರೆ, ತಮಾಷೆಯನ್ನು ತೆಗೆದು ಉಳಿದದ್ದನ್ನು ಇಟ್ಟುಕೊಂಡೆ.

ಅಶ್ವಿನಿಯ ಮದುವೆ ನಿಶ್ಚಯವಾದದ್ದು ಅದೇ ದಿನಗಳಲ್ಲಿ. ಮುಹೂರ್ತ ಗುರುವಾರ. ರಜೆ ಕೇಳಿದಾಗ ಅಬು ತುರ್ಕಿ ಹಿಂದೆಮುಂದೆ ನೋಡಲಿಲ್ಲ. ಮದುವೆ ಹುಡುಗಿಗೆ ಎಂದು ಒಂದು ಡಬ್ಬಿ ಖರ್ಜೂರ, ಒಂದು ಸೀಸೆ ಅತ್ತರು ಕೊಟ್ಟರು. ಟಿಕೆಟ್ ಅದರ ಹಿಂದಿನ ಶುಕ್ರವಾರ ರಾತ್ರಿಯ ವಿಮಾನಕ್ಕೆ, ಅಂದರೆ ನಮ್ಮ ಗುಂಪಿನ ಕೊನೆಯ ಆಟ ಮುಗಿದ ಮೇಲೆ. ಎಲ್ಲವೂ ಸರಿಯಾಗಿ ಕೂಡಿಬಂದಿತ್ತು.

ಆ ಶುಕ್ರವಾರ ನಾವು ಬೇಗ ಗೆದ್ದೆವು. ಆದರೆ ಪಕ್ಕದ ಮೈದಾನದಲ್ಲಿ ಕಾಂಪೌಂಡಿನವರು ಕೊರಿಯಾದವರ ಎದುರು ಇನ್ನೂ ಆಡುತ್ತಿದ್ದರು. ಅವರು ಸೋತರೆ ಮಾತ್ರ ನಾವು ಅವರ ಸಮಕ್ಕೆ ಬರುತ್ತೇವೆ. ನಾವೆಲ್ಲ ಹೋಗಿ ಬೇಲಿಗೆ ಮುಖ ಒತ್ತಿ ನಿಂತೆವು. ಕೊರಿಯಾದವರ ಹೆಸರು ಒಂದೂ ಬಾರದು, ಆದರೂ ನಮ್ಮ ಮನೆಯವರೇ ಎಂಬಂತೆ ಕೂಗಿದೆವು. ಕಾಂಪೌಂಡಿನ ಕೊನೆಯ ಆಟಗಾರ ಚೆಂಡನ್ನು ಆಕಾಶಕ್ಕೆ ಎತ್ತಿ ಹೊಡೆದ. ಅದು ಬೀಳುವಲ್ಲಿ ಕನ್ನಡಕದ ಒಬ್ಬ ಹುಡುಗ ಕೈ ಮೇಲೆತ್ತಿ ಅತ್ತಿತ್ತ ತೂರಾಡುತ್ತಿದ್ದ, ನಮ್ಮಲ್ಲಿ ಅರ್ಧ ಜನ ಕಣ್ಣು ಮುಚ್ಚಿಕೊಂಡರು — ಹಿಡಿದ. ಕಾಂಪೌಂಡಿನವರು ಸೋತರು. ಇಬ್ಬರೂ ಸಮ. ಮುಂದಿನ ಶುಕ್ರವಾರ ನಮ್ಮಿಬ್ಬರ ನಡುವೆ ಒಂದೇ ಆಟ, ಗೆದ್ದವರು ಮೇಲೆ.

ಮುಂದಿನ ಶುಕ್ರವಾರ. ನಾನು ಊರಿನಲ್ಲಿರಬೇಕಾದ ದಿನ. ಮದುವೆಯ ಮರುದಿನ.

ಯಾರೂ ನನ್ನನ್ನು ತಡೆಯಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯಬೇಕು. ನನ್ನ ಬ್ಯಾಟಿಗಾಗಿ ಉಳಿದೆ ಎಂದೂ ಹೇಳಲಾರೆ. ಬ್ಯಾಟ್ ಅವರ ಬಳಿಯೇ ಇತ್ತು, ಅಲ್ಯೂಮಿನಿಯಂನವು ಬೇರೆ ಇದ್ದವು. ರೊಮ್ಮೆಲ್‌ಗೆ ನಿಜ ಹೇಳಿದ್ದರೆ ಅವನೇ ನನ್ನನ್ನು ವಿಮಾನದೊಳಗೆ ತಳ್ಳುತ್ತಿದ್ದ. ಅವನಿಗೆ ಮದುವೆ ಮುಂದಕ್ಕೆ ಹೋಯಿತು ಎಂದೆ. ಅಬು ತುರ್ಕಿಯವರಿಗೂ ಅದನ್ನೇ ಹೇಳಿದೆ. ಅವರು, “ಖೈರ್, ಖೈರ್, ಒಳ್ಳೆಯದೇ ಆಗಲಿ,” ಎಂದರು. ಟಿಕೆಟ್ ರದ್ದು ಮಾಡಿದೆ. ಆಮೇಲೆ ತಂಗಿಗೆ ಫೋನ್ ಮಾಡಿದೆ.

“ಕಫೀಲ್ ಬಿಡ್ತಾ ಇಲ್ಲ ಮಾರಾಯ್ತಿ,” ಎಂದೆ.

“ಅವರಿಗೆ ಅಕ್ಕ ತಂಗಿ ಯಾರೂ ಇಲ್ವಾ ಅಣ್ಣ?” ಎಂದಳು. ಆಮೇಲೆ ಅವಳೇ, “ನೀನು ಜಗಳ ಎಲ್ಲ ಮಾಡ್ಲಿಕ್ಕೆ ಹೋಗ್ಬೇಡ. ಕೆಲಸಕ್ಕೆ ಎಂತಾದ್ರೂ ಆದ್ರೆ ಕಷ್ಟ. ನಂಗೆ ಬೇಜಾರಿಲ್ಲ, ಆಯ್ತಾ?” ಎಂದಳು.

ಮದುವೆಯ ಹುಡುಗಿ ನನ್ನನ್ನು ಸಮಾಧಾನ ಮಾಡಿದಳು. ನಾನು — ಸಮಾಧಾನ ಮಾಡಿಸಿಕೊಂಡೆ.

ಗುರುವಾರ ವರ್ಕ್‌ಶಾಪಿನಲ್ಲಿ ಬೀರುವಿನ ಬಾಗಿಲಿಗೆ ಪಾಲಿಶ್ ಹಾಕುತ್ತಿದ್ದಾಗ ಸಂಬಂಧಿಕನೊಬ್ಬ ಮಂಟಪದಿಂದ ವಿಡಿಯೋ ಕಾಲ್ ಮಾಡಿದ. ದೊಡ್ಡಪ್ಪನ ಮಗ ಅವಳ ಬೊಗಸೆಗೆ ಹೊದಳು ಸುರಿಯುತ್ತಿದ್ದ. ಅವನಿಗೆ ಅವಸರ, ಅರ್ಧ ನೆಲಕ್ಕೆ ಚೆಲ್ಲಿತು. ಅವಳು ಒಮ್ಮೆ ತಲೆಯೆತ್ತಿ ಫೋನಿನ ಕಡೆಗೆ ನೋಡಿದಳು. ಸಿಗ್ನಲ್ ಇಲ್ಲ ಎಂದು ಹೇಳಿ ಕಾಲ್ ಕಟ್ ಮಾಡಿದೆ.

ಮರುದಿನದ ಆಟದ ಬಗ್ಗೆ ಏನು ಬರೆಯಲಿ? ಕೊನೆಯ ಸರದಿಯವರೆಗೂ ಒಂದು ರನ್ ಹಿಂದಿದ್ದೆವು. ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಮುಗಿಯಿತು. ಎರಡನೆಯ ಮೂಲೆಯಲ್ಲೊಬ್ಬ, ಮೂರನೆಯ ಮೂಲೆಯಲ್ಲೊಬ್ಬ ಬಗ್ಗಿ ನಿಂತಿದ್ದರು. ಹೊಡೆಯಲು ಬಂದವನು ಜುನ್ ಎಂಬ ದರ್ಜಿ, ನನ್ನ ಭುಜದಷ್ಟೂ ಎತ್ತರವಿಲ್ಲ. ಎರಡು ಚೆಂಡು ಬಿಟ್ಟ, ಎರಡು ತಪ್ಪಿದ. ಕಾಂಪೌಂಡಿನ ಕಡೆಯವರು ಆಗಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಚೆಂಡು ಬಂತು. ಝಾನ್ ಮರಕ್ಕೆ ಚೆಂಡು ಸರಿಯಾಗಿ ಬಿದ್ದರೆ ಒಂದು ಸದ್ದು ಬರುತ್ತದೆ, ತೆಂಗಿನಕಾಯಿ ಒಂದೇ ಏಟಿಗೆ ಎರಡು ಹೋಳಾದ ಹಾಗೆ. ಆ ಸದ್ದು ಬಂತು. ಚೆಂಡು ಇಬ್ಬರು ಕಾವಲಿನವರ ನಡುವೆ ಧೂಳೆಬ್ಬಿಸಿಕೊಂಡು ಉರುಳಿತು. ಒಬ್ಬ ಮನೆ ಸೇರಿದ. ಎರಡನೆಯವನು ಮೂಲೆ ತಿರುಗಿ ಬರುತ್ತಲೇ ಇದ್ದ, ಚೆಂಡೂ ಬರುತ್ತಿತ್ತು, ಎರಡೂ ಒಟ್ಟಿಗೆ. ಅವನು ಹೊಟ್ಟೆಯ ಮೇಲೆ ಬಿದ್ದು ಮರಳಿನಲ್ಲಿ ಜಾರಿದ. ಧೂಳು. ಏನೂ ಕಾಣಿಸದು. ಧೂಳಿನೊಳಗಿಂದ ಅಂಪೈರನ ಎರಡೂ ಕೈ ಅಗಲವಾಗಿ ಚಾಚಿಕೊಂಡು ಹೊರಬಂದವು — ಔಟ್ ಅಲ್ಲ.

ನಾನು ಬೇಲಿ ಹಾರಿದೆ, ಚಪ್ಪಲಿ ಎಲ್ಲೋ ಹೋಯಿತು. ಯಾರನ್ನೆಲ್ಲ ತಬ್ಬಿಕೊಂಡೆನೋ ಗೊತ್ತಿಲ್ಲ. ನಾವು ಸೋತಿದ್ದರೆ ಇದನ್ನು ಹೇಳುವುದು ಸುಲಭವಾಗುತ್ತಿತ್ತು, ತಕ್ಕ ಶಾಸ್ತಿಯಾಯಿತು ಎನ್ನಬಹುದಿತ್ತು. ಆದರೆ ಗೆದ್ದೆವು. ಅಂಥ ಸಂತೋಷ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ತಂಗಿಯ ನೆನಪು ಸಂಜೆಯವರೆಗೂ ಬರಲಿಲ್ಲ. ಅವಳಿಗೆಂದು ಕೊಟ್ಟ ಖರ್ಜೂರವನ್ನು ಅಂದೇ ತಂಡದವರೆಲ್ಲ ಹಂಚಿಕೊಂಡು ತಿಂದೆವು. ಅತ್ತರನ್ನು ಜುನ್‌ಗೆ ಬಹುಮಾನವಾಗಿ ಕೊಟ್ಟೆ. ರಜೆ ಕೊಡದ ಕಫೀಲನಿಂದ ಉಡುಗೊರೆ ಬಂತೆಂದು ಊರಿಗೆ ಹೇಗೆ ಕಳುಹಿಸಲಿ? ಅಬು ತುರ್ಕಿಯವರಿಗೆ ಮಾತ್ರ, ಮದುವೆ ಅವಸರದಲ್ಲಿ ಮುಗಿದುಹೋಯಿತು, ಉಡುಗೊರೆ ಕಳುಹಿಸಿಕೊಟ್ಟೆ ಎಂದು ಆಮೇಲೆ ಹೇಳಿದೆ.

ಕೆಲವು ವರ್ಷಗಳಾದವು. ಭಾವನಿಗೆ, ಅಂದರೆ ಅಶ್ವಿನಿಯ ಗಂಡನಿಗೆ, ತಾಯಿಫಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವಳೂ ಬಂದಳು. ಬೇಸಿಗೆಯಲ್ಲಿ ಅಬು ತುರ್ಕಿಯವರ ಮನೆಯವರೆಲ್ಲ ತಂಪಿಗೆಂದು ತಾಯಿಫಿಗೆ ಹೋಗುತ್ತಾರೆ. ಈ ಬೇಸಿಗೆ ಅವರೇ ಫೋನ್ ಮಾಡಿ, ನಿನ್ನ ತಂಗಿಯನ್ನೂ ಅವಳ ಗಂಡನನ್ನೂ ಊಟಕ್ಕೆ ಕರೆದುಕೊಂಡು ಬಾ ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಲ್ಲಿ ಗಂಡಸರು ಹೊರಗೆ, ಹೆಂಗಸರು ಒಳಗೆ ಕುಳಿತುಕೊಳ್ಳುತ್ತಾರೆ, ಅಶ್ವಿನಿಯೂ ಅಬು ತುರ್ಕಿಯೂ ಮಾತಾಡುವ ಪ್ರಸಂಗವೇ ಬರದು ಎಂದುಕೊಂಡೆ.

ಅಶ್ವಿನಿ ಮಾತ್ರ ಹೊರಡಲಿಕ್ಕೇ ಒಪ್ಪಲಿಲ್ಲ. “ನಿನ್ನನ್ನು ಕಟ್ಟಿಹಾಕಿದ ಮನುಷ್ಯ ಅವನು. ಅವನ ಮನೆ ಅನ್ನ ನಂಗೆ ಗಂಟಲಲ್ಲಿ ಇಳೀಲಿಕ್ಕಿಲ್ಲ ಅಣ್ಣ,” ಎಂದಳು.

“ಅನ್ನ ಎಂತ ತಪ್ಪು ಮಾಡಿದೆ ಮಾರಾಯ್ತಿ?” ಎಂದ ಭಾವ. “ನಿಂಗೆ ಇಳಿಯದಿದ್ರೆ ನಿನ್ನ ಪಾಲಿನದ್ದೂ ನಾನು ಇಳಿಸ್ತೇನೆ.”

ಹೋದೆವು. ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾವು ಹೊರಗೆ ದಿಂಬಿಗೆ ಒರಗಿ ಕಾಫಿ ಕುಡಿಯುತ್ತಿದ್ದೆವು. ಅಬು ತುರ್ಕಿ ನನ್ನ ಮೊಣಕಾಲು ತಟ್ಟಿ ಅರಬಿಯಲ್ಲಿ, “ಆ ಅತ್ತರು ನನ್ನ ಹೆಂಡತಿಯೇ ಆರಿಸಿದ್ದು. ಇಷ್ಟವಾಯಿತೋ ಇಲ್ಲವೋ ಎಂದು ಈಗ ಒಳಗೆ ಅದನ್ನೇ ಕೇಳುತ್ತಿರಬೇಕು,” ಎಂದು ನಕ್ಕರು. ಅವರ ಸೊಸೆಗೆ ಇಂಗ್ಲಿಷ್ ಬರುತ್ತದೆ. ಅಶ್ವಿನಿಗೂ ಬರುತ್ತದೆ. ನಾನು ಕುಡಿಯದೆ ಲೋಟ ಕೆಳಗಿಟ್ಟು ಒಳಬಾಗಿಲ ಕಡೆ ನೋಡುವುದನ್ನು ಭಾವ ಗಮನಿಸಿದ.

ವಾಪಸು ಬರುವಾಗ ನಾನು ಕಾರು ಓಡಿಸುತ್ತಿದ್ದೆ. ಅಶ್ವಿನಿ ಹಿಂದಿನ ಸೀಟಿನಿಂದ, “ನನ್ನ ಮದುವೆಗೆ ಅತ್ತರು ಕಳಿಸಿದ್ರಂತೆ,” ಎಂದಳು. ನಾನು ರಸ್ತೆಯನ್ನೇ ನೋಡುತ್ತಾ ಓಡಿಸಿದೆ. ಅವಳೇ ಮುಂದುವರಿಸಿದಳು, “ಕಾರ್ಗೋದಲ್ಲಿ ಕಳೆದುಹೋಯ್ತೇನೋ, ಅಲ್ವಾ ಅಣ್ಣ? ಹಾಗೆ ಆಗ್ತದೆ.”

ನನಗಾಗಿ ಇನ್ನೊಂದು ಸುಳ್ಳನ್ನು ಅವಳೇ ಸಿದ್ಧಮಾಡಿ ಕೊಡುತ್ತಿದ್ದಳು. ಹೂಂ ಎಂದರೆ ಸಾಕಿತ್ತು. ಹೂಂ ಎನ್ನಲು ಬಾಯಿ ತೆರೆದೆ ಕೂಡ. ಆದರೆ ಅವಳ ದನಿ — ಅಂದು ಫೋನಿನಲ್ಲಿ ಬೇಜಾರಿಲ್ಲ ಎಂದವಳ ದನಿಯೇ. ರಸ್ತೆಯ ಬದಿಗೆ ಕಾರು ನಿಲ್ಲಿಸಿದೆ. ಎಲ್ಲ ಹೇಳಿದೆ. ರಜೆ, ಟಿಕೆಟ್, ಕೆಂಪು ಟೋಪಿಯವರು, ಖರ್ಜೂರ. ಭಾವ ಸ್ವಲ್ಪ ಹೊತ್ತು ಕೇಳಿ, “ನಾನು ನೀರು ತರ್ತೇನೆ,” ಎಂದು ಇಳಿದು ಹೋದ. ಅವನ ಕಾಲ ಬಳಿಯೇ ನೀರಿನ ಬಾಟಲಿ ಇತ್ತು.

ಅಶ್ವಿನಿ ಕಿಟಕಿಯ ಗಾಜು ಇಳಿಸಿದಳು. “ಆ ಮನುಷ್ಯನಿಗೆ ನಾನು ಎಷ್ಟು ಶಾಪ ಹಾಕಿದ್ದೇನೆ ಗೊತ್ತುಂಟಾ ನಿಂಗೆ?” ಎಂದಳು. “ಅವರ ಹೆಂಡತಿ ಇವತ್ತು ನಂಗೆ ಬಡಿಸಿ ಬಡಿಸಿ ತಿನ್ನಿಸಿದ್ರು. ನಾಳೆ ಹೋಗಿ ಅವರಿಗೂ ಹೇಳು.”

ಹೇಳುತ್ತೇನೆ ಎಂದೆ.

“ಗೆದ್ರಾ?” ಎಂದಳು.

ನನಗೆ ಅರ್ಥವಾಗಲಿಲ್ಲ.

“ಆ ಆಟ. ಗೆದ್ರಾ ನೀವು?”

“ಗೆದ್ದೆವು.”

“ನಿಂಗೆ ಖುಷಿ ಆಗಿತ್ತಾ ಅವತ್ತು?”

ಇಲ್ಲ ಎಂದಿದ್ದರೆ ಅವಳಿಗೂ ನನಗೂ ಹಗುರವಾಗುತ್ತಿತ್ತೋ ಏನೋ. “ಆಗಿತ್ತು. ತುಂಬಾ,” ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತಾ ಕುಳಿತಳು. ಆಗ ನನಗೆ ಹೊಳೆಯಿತು — ನಡೆದದ್ದನ್ನೆಲ್ಲ ಹೇಳಿದ್ದೇನೆ, ಹೇಳಬೇಕಾದ ಮಾತನ್ನು ಮಾತ್ರ ಇನ್ನೂ ಹೇಳಿಲ್ಲ. ನಮ್ಮ ಮನೆಗಳಲ್ಲಿ ಅಣ್ಣನಾದವನು ತಂಗಿಗೆ ಅಂಥ ಮಾತು ಹೇಳುವುದಿಲ್ಲ. ನಾನು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಅವಳ ಮುಖ ನೋಡಿ ಹೇಳಿದೆ:

“ತಪ್ಪು ಮಾಡಿದೆ ಅಶ್ವಿನಿ. ಬರ್ಬೇಕಿತ್ತು, ಬರ್ಲಿಕ್ಕೆ ಆಗ್ತಿತ್ತು, ನಾನೇ ಬರ್ಲಿಲ್ಲ. ನನ್ನನ್ನು ಕ್ಷಮಿಸು.”