ಶರಣಮ್ಮಕ್ಕನ ಹೆಸರಿನ ಕೆಲಸ

ನಮ್ಮಕ್ಕ ಶರಣಮ್ಮ ಯಾರ ಮನೆಗೆ ಹೋದರೂ ಟಿವಿಯ ಮುಖ ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದಳು. ಗೋಡೆಗೆ ಅಂಟಿಕೊಂಡ ದೊಡ್ಡ ಟಿವಿಯ ಹಿಂದೆ ತಲೆ ತೂರಿಸಲು ಜಾಗ ಎಲ್ಲಿಂದ ಬರಬೇಕು? ಅವಳು ಸಣ್ಣ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕುಂಕುಮದ ಡಬ್ಬಿಯ ಕನ್ನಡಿಯನ್ನು ಸಂದಿಯೊಳಗೆ ಹಿಡಿದು, ಅದರಲ್ಲಿ ಕಾಣುವ ತೂತುಗಳ ಹೆಸರು ಓದುತ್ತಿದ್ದಳು. ಕನ್ನಡಿಯಲ್ಲಿ ಇಂಗ್ಲಿಷ್ ಅಕ್ಷರಗಳು ತಿರುಗಾಮುರುಗಾ ಕಾಣುತ್ತವೆ. ನನಗೆ ನೆಟ್ಟಗಿದ್ದವೇ ಓದಲು ಬರುತ್ತಿರಲಿಲ್ಲ. ಅವಳು ತಿರುಗಿದ್ದನ್ನೇ ಸರಾಗವಾಗಿ ಓದುತ್ತಿದ್ದಳು.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಅಕ್ಕ ರಾಯಚೂರಿನಲ್ಲಿ ಐಟಿಐ ಮುಗಿಸಿ, ಒಂದು ಟಿವಿ ಅಂಗಡಿಯ ರಿಪೇರಿ ಮೇಜಿನ ಮುಂದೆ ವರ್ಷಗಟ್ಟಲೆ ಕೂತು ಕೆಲಸ ಕಲಿತವಳು. ಆಮೇಲೆ ಮನೆಮನೆಗೆ ಹೋಗಿ ಹೋಮ್ ಥಿಯೇಟರ್ ಜೋಡಿಸುವ ಸ್ವಂತ ಕೆಲಸ ಹಿಡಿದಳು. ಕಂಡವರ ಮನೆಗೆ ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಅವ್ವ ಹಟ ಮಾಡಿದ್ದರಿಂದ ನಾನು ಜೊತೆಗೆ ಹೊರಟೆ. ಬಾಗಿಲು ತೆಗೆದವರು "ಬರ್ರಿ ಮಿಸ್ತ್ರಿ" ಎಂದು ನನ್ನನ್ನು ಕರೆಯುತ್ತಿದ್ದರು. ಕೆಲಸ ಮಾಡುವ ಮಿಸ್ತ್ರಿ ಅಕ್ಕ, ನಾನಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ.

"ಬಿಡಲೇ ಮಲ್ಲ್ಯಾ, ನೀ ಮಾತಾಡು, ನಾ ಕೆಲಸ ಮಾಡ್ತೀನಿ. ಎರಡೂ ಒಬ್ರೇ ಮಾಡಿದ್ರ ಎರಡೂ ಕೆಡ್ತಾವ" ಎಂದಳು ಅಕ್ಕ.

ತಿದ್ದುವುದನ್ನು ಬಿಟ್ಟೆ. ಬಿಡುವುದೇನೂ ಕಷ್ಟವಾಗಲಿಲ್ಲ.

ಸದ್ದು ಬರುವ ತನಕ ಅವಳು ಯಾರ ಮನೆಯಲ್ಲೂ ಚಹಾ ಮುಟ್ಟುತ್ತಿರಲಿಲ್ಲ. ಮನೆಯಲ್ಲಿರುವ ರಿಮೋಟುಗಳನ್ನೆಲ್ಲ ಮೊದಲು ಒಂದು ತಟ್ಟೆಯಲ್ಲಿ ತರಿಸಿಕೊಂಡು, "ಇವು ಮಂದಿ ಕೈಯಾಗ ಇದ್ರ ನನ್ನ ಕೆಲಸ ಮುಗಿಯಂಗಿಲ್ಲ" ಎಂದು ಪಕ್ಕಕ್ಕಿಡುತ್ತಿದ್ದಳು. ವೈರುಗಳು ಗಂಟಾಗಿ ನನಗೆ ತಲೆ ತಿರುಗಿದರೆ, "ವೈರು ಅಂದ್ರ ಬಾಲ. ಬಾಲ ಹಿಡಕೊಂಡು ಹೋಗು, ಎಮ್ಮಿ ಸಿಗ್ತದ" ಅನ್ನುತ್ತಿದ್ದಳು.

ಒಮ್ಮೆ ಶಕ್ತಿನಗರದ ಎಂಜಿನಿಯರ್ ಒಬ್ಬರ ಕ್ವಾರ್ಟರ್ಸಿಗೆ ಹೋಗಿದ್ದೆವು. ಅವರ ಟಿವಿಗೆ ಎರಡು ಗೇಮ್ ಬಾಕ್ಸ್ ಹಾಕಿದ್ದರು. ಚಿತ್ರ ಚೆನ್ನಾಗಿ ಬರುತ್ತಿತ್ತು, ಸದ್ದು ಮಾತ್ರ ಟಿವಿಯಿಂದಲೇ ಬರುತ್ತಿತ್ತು. ಹೊಸ ಹೋಮ್ ಥಿಯೇಟರ್ ಮೂಕನ ಹಾಗೆ ಕೂತಿತ್ತು. ಎಂಜಿನಿಯರರು ಎರಡು ಭಾನುವಾರ ಇದರಲ್ಲೇ ಕಳೆದಿದ್ದರಂತೆ. ಅಕ್ಕ ಕನ್ನಡಿ ತೂರಿಸಿ ನೋಡಿ, ಹೋಮ್ ಥಿಯೇಟರಿನ ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕಿದಳು. ಕೋಣೆ ತುಂಬ ಸದ್ದು ಬಂತು.

"ಟಿವಿಗೆ ನಾಕು ಕಿವಿ ಇದ್ರೂ ಬಾಯಿ ಒಂದೇ ಇರ್ತದ. ಕೇಳೂ ತೂತಿನಾಗ ಹಾಕಿ ಮಾತಾಡು ಅಂದ್ರ ಹೆಂಗ ಮಾತಾಡ್ತದ?" ಎಂದು ನನ್ನ ಕಿವಿಯಲ್ಲಿ ಹೇಳಿ ಹಲ್ಲು ಕಿಸಿದಳು.

"ಏನಾಗಿತ್ತು ಮಿಸ್ತ್ರಿ?" ಎಂದು ಎಂಜಿನಿಯರರು ನನ್ನನ್ನು ಕೇಳಿದರು. ನಾಲ್ಕು ಕಿವಿ, ಒಂದು ಬಾಯಿಯ ಮಾತನ್ನು ನನ್ನದೇ ಎಂಬಂತೆ ಹೇಳಿದೆ. ಅವರು ನನ್ನ ಬೆನ್ನು ಚಪ್ಪರಿಸಿದರು. ಅಕ್ಕ ತಲೆ ತಗ್ಗಿಸಿ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು. ಬಸ್ಸಿನಲ್ಲಿ ಅದನ್ನು ನೆನೆದು ಇಬ್ಬರೂ ನಕ್ಕೆವು. ಆಗ ಅದು ನಗುವ ವಿಷಯವೇ ಆಗಿತ್ತು.

ಮಾನ್ವಿಯ ರೈಸ್ ಮಿಲ್ಲಿನ ವೀರಭದ್ರಪ್ಪ ಸಾವುಕಾರರು ಮಾತ್ರ ಮೋಸ ಹೋಗಲಿಲ್ಲ. ಅವರ ಹೊಸ ಮನೆಯ ಹಾಲಿನಲ್ಲಿ ಟಿವಿ, ಗೇಮ್ ಬಾಕ್ಸ್, ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಪೆಟ್ಟಿಗೆ ಮತ್ತು ಸುತ್ತ ಗೋಡೆಗೆ ಸ್ಪೀಕರ್ ಜೋಡಿಸುವ ಕೆಲಸ. ಅವರು ಬೆಳಗಿನಿಂದ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬಾಯಿ ನಿಂದು, ಕೈ ನಿಮ್ಮಕ್ಕಂದು. ನೋಡಾಕತ್ತೀನಿ ತಮ್ಮಾ" ಎಂದರು ನನಗೆ. ನಂತರ ಅಕ್ಕನ ಕಡೆ ತಿರುಗಿ, "ನಿನ್ನ ಹೆಸರೇನವ್ವಾ? ಶರಣಮ್ಮ? ನಮ್ಮ ಅಳಿಯ ದೇವದುರ್ಗದಾಗ ಗೇಮ್ ಆಡೂ ಅಂಗಡಿ ಮಾಡಾಕತ್ತಾನ. ನಾಕು ಟಿವಿ, ನಾಕು ಗೇಮ್ ಬಾಕ್ಸ್. ಆ ಕೆಲಸ ನಿನ್ನ ಹೆಸರಿಗೆ ಕೊಡಸ್ತೀನಿ" ಎಂದರು.

ಅಕ್ಕ ಏಣಿಯ ಮೇಲಿದ್ದಳು. "ಖರೇನ್ರೀ?" ಎಂದಳು. ಒರೆಸಿದ ಕೈಯನ್ನೇ ಮತ್ತೆ ಸೆರಗಿಗೆ ಒರೆಸಿಕೊಂಡಳು. ಅಷ್ಟು ವರ್ಷಗಳಲ್ಲಿ ಅವಳ ಹೆಸರು ಕೇಳಿದವರು ಅವರೊಬ್ಬರೇ. ನಾನು ಖುಷಿಪಡಬೇಕಿತ್ತು. ಚೀಲದಿಂದ ಏನೋ ತರುವ ನೆಪ ಮಾಡಿ ಹೊರಗೆ ಹೋದೆ.

ಮಧ್ಯಾಹ್ನ ಹೆಚ್ಚುಕಡಿಮೆ ಎಲ್ಲ ಸಿದ್ಧವಾಯಿತು. ಸಾವುಕಾರರ ತಾಯಿ, ಬಾಗಿದ ಬೆನ್ನಿನ ಮುದುಕಿ, ಪೂಜೆಯಾಗದೆ ಗುಂಡಿ ಒತ್ತಬಾರದೆಂದು ವಿಭೂತಿ, ಕುಂಕುಮ, ಕಾಯಿ ತಂದರು. ಅಕ್ಕ ಏಣಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ, ಹಿಂದಿನ ಮೂಲೆಯ ಸ್ಪೀಕರಿಗೆ ಕೊನೆಯ ಮೊಳೆ ಹೊಡೆಯುತ್ತಾ, "ಕಾಯಿ ಪೆಟಿಗಿ ಮ್ಯಾಲೆ ಇಡಬ್ಯಾಡ್ರಿ, ಮ್ಯಾಲೆ ಜಾಲರಿ ಅದ. ಮುಂದ ಕಟಗಿ ಮಣಿ ಮ್ಯಾಲೆ ಇಡ್ರಿ" ಎಂದಳು. ಮುದುಕಿಗೆ ಕಿವಿ ಮಂದ. ನನಗೆ ಚೆನ್ನಾಗಿ ಕೇಳಿಸಿತ್ತು.

"ಮಿಸ್ತ್ರಿನೇ ಒಡೀಲಿ" ಎಂದರು ಮುದುಕಿ. ಆ ಮಾತು ನನಗೆ ಬೇಕಿತ್ತು. ಹೊಸ್ತಿಲ ಹೊರಗೆ ಒಂದೇ ಏಟಿಗೆ ಕಾಯಿ ಒಡೆದು, ನೀರು ತುಂಬಿದ ಎರಡು ಹೋಳು ಹಿಡಿದು ಒಳಗೆ ಬಂದೆ. "ಪೆಟಿಗಿ ಮ್ಯಾಲೇ ಇಡು ಯಪ್ಪಾ, ದೇವರದು ಅಲ್ಲೇನು" ಎಂದರು ಮುದುಕಿ. ಇಟ್ಟೆ. ಒಂದು ಹೋಳು ವಾಲಿತು. ನೀರು ಜಾಲರಿಯ ಮೇಲೆ ಹರಿಯಿತು. ಮುದುಕಿ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ನಾನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಸುಮ್ಮನೆ ನಿಂತೆ. ಮೇಲಿನದು ಒರೆಸಬಹುದು, ಒಳಗಿಳಿದದ್ದು? ಆಗ ಬಾಯಿ ತೆರೆದಿದ್ದರೂ ಸಾಕಿತ್ತು.

ಗುಂಡಿ ಒತ್ತಿದರು. ಪರದೆಯ ಮೇಲೆ ಕಾರುಗಳು ಓಡಿದವು, ಸದ್ದು ಹಾಲನ್ನೆಲ್ಲ ಸುತ್ತಿತು. ಸಾವುಕಾರರು ಎದ್ದು ನಿಂತು ನಗುತ್ತಿದ್ದರು. ಅಷ್ಟರಲ್ಲಿ ಚಟ್ ಎಂದಿತು. ಜಾಲರಿಯಿಂದ ಹೊಗೆ ಎದ್ದಿತು. ಸದ್ದು ಸತ್ತಿತು.

"ಏನಾತು?" ಎಂದರು ಸಾವುಕಾರರು. ಅವರು ಯಾರನ್ನು ಕೇಳಿದರೋ ಗೊತ್ತಿಲ್ಲ. ಉತ್ತರ ಕೊಟ್ಟವನು ನಾನು.

"ಅಕ್ಕ ಹಿಂದಿನ ವೈರು ಹಾಕ್ಯಾಳ್ರೀ. ತಾಮ್ರದ ಎಳಿ ಒಂದಕ್ಕೊಂದು ತಾಗಿರಬೇಕು. ದಿನಾ ನಾನೇ ಒಮ್ಮೆ ನೋಡ್ತಿದ್ದೆ. ಇವತ್ತು ನೋಡಲಿಲ್ಲ."

ಅಕ್ಕ ಏಣಿ ಇಳಿದು ಬಂದಳು. ಪೆಟ್ಟಿಗೆಯ ಹತ್ತಿರ ಬಾಗಿ ಮೂಸಿದಳು. ಖಾಲಿಯಾದ ಕಾಯಿಹೋಳನ್ನು ನೋಡಿದಳು, ನನ್ನ ಒದ್ದೆ ಟವೆಲು ನೋಡಿದಳು, ಕೈ ಮುಗಿದೇ ನಿಂತಿದ್ದ ಮುದುಕಿಯನ್ನು ನೋಡಿದಳು. "ಒಯ್ದು ಸರಿ ಮಾಡಿ ಕೊಡ್ತೀನ್ರೀ" ಎಂದಳು. ಅಷ್ಟೇ.

ಮನೆಯಲ್ಲಿ ಮುಚ್ಚಳ ಬಿಚ್ಚಿದಾಗ ಒಳಗೆ ಕಂದು ಬಣ್ಣದ ಅಂಟು ಕಂಡಿತು. ಅದನ್ನು ಬ್ರಷ್ಷಿನಿಂದ ಉಜ್ಜುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: "ಆ ಮುದುಕಿ ಯವ್ವನ ಮುಂದ ನೀರಿನ ಮಾತು ಹೇಳಲಿಲ್ಲ, ಚಲೋ ಆತು. ಪೂಜಿ ಮಾಡಿದ ಜೀವ, ನನ್ನಿಂದನೇ ಕೆಟ್ಟತು ಅಂತ ಕೊರಗ್ತದ. ಸಾವುಕಾರ್ರು ಒಬ್ರೇ ಇದ್ದಾಗ ಹೇಳು."

"ನಾಳೆ ಹೇಳ್ತೀನಿ ಯಕ್ಕಾ."

ವಾರದ ನಂತರ ಪೆಟ್ಟಿಗೆ ಮರಳಿಸಲು ನಾನೊಬ್ಬನೇ ಮಾನ್ವಿಗೆ ಹೋದೆ. ಅಕ್ಕನೇ ಹಾಗೆ ಕಳಿಸಿದ್ದಳು. ಸಾವುಕಾರರು ಒಬ್ಬರೇ ಇದ್ದರು. "ನಾನು ತಪ್ಪು ತಿಳದಿದ್ದೆ ತಮ್ಮಾ. ಹೆಣ್ಮಗಳು, ಗಡಿಬಿಡಿ ಮಾಡಿದ್ಲು. ದೇವದುರ್ಗದ ಕೆಲಸ ನೀನೇ ಮಾಡು" ಎಂದರು.

"ಆತ್ರೀ" ಎಂದೆ.

ದೇವದುರ್ಗದ ಆ ಅಂಗಡಿಯಲ್ಲಿ ನಾಲ್ಕು ದಿನ ವೈರುಗಳ ನಡುವೆ ಬೆವರಿದೆ. ಯಾವುದು ಒಳಗೆ ಬರುವ ತೂತು, ಯಾವುದು ಹೊರಗೆ ಹೋಗುವ ತೂತು ಒಂದೂ ತಿಳಿಯಲಿಲ್ಲ. ಕೊನೆಗೆ ಅಂಗಡಿಯ ಹಿಂದಿನ ಗಲ್ಲಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

"ಫೋಟೊ ಕಳಿಸು" ಎಂದಳು. ಕಳಿಸಿದೆ. ಒಂದೊಂದೇ ಕೇಬಲ್ ಹೇಳಿ ಹಾಕಿಸಿದಳು. "ಮೊದಲ ಸದ್ದು ಸಣ್ಣದಿಡು. ಎಲ್ಲಾ ಸ್ಪೀಕರ್ ಮುಂದ ಕಿವಿ ಇಟ್ಟು ಕೇಳು" ಎಂದಳು. ಅವಳಿಗೆ ಸಿಗಬೇಕಿದ್ದ ಕೆಲಸವನ್ನು ಅವಳ ಬಾಯಿಂದಲೇ ಕೇಳಿ ಮುಗಿಸಿದೆ. ಅವಳು ಒಂದು ಕಟಕಿ ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಅದೇ ಚಳಿಗಾಲ ಅವಳು ಹೈದರಾಬಾದಿಗೆ ಹೊರಟಳು. ಫಂಕ್ಷನ್ ಹಾಲುಗಳಿಗೆ ಸೌಂಡ್ ಹಾಕುವವರ ಹತ್ತಿರ ಕೆಲಸ ಸಿಕ್ಕಿತ್ತು. ರಾಯಚೂರು ಸ್ಟೇಷನ್ನಿನಲ್ಲಿ ಗಾಡಿ ಬರುವುದು ಕಂಡ ಮೇಲೆ ನನಗೆ ಧೈರ್ಯ ಬಂತು. "ಯಕ್ಕಾ, ಅವತ್ತು ಮಾನ್ವಿಯಾಗ ನಾನೇ..." ಎಂದೆ.

ಅವಳು ಕೈ ಅಡ್ಡ ಹಿಡಿದಳು. "ನನಗ್ಯಾಕ ಹೇಳ್ತಿ? ನನಗ ಗೊತ್ತದ. ಗೊತ್ತಿಲ್ಲದವ್ರಿಗೆ ಹೇಳು." ಗಾಡಿ ಹತ್ತಿದಳು. ಮುಖಾಮುಖಿ ನೋಡಿದ್ದು ಅದೇ ಕೊನೆ. ಅವ್ವನನ್ನು ಆಮೇಲೆ ಅಲ್ಲಿಗೇ ಕರೆಸಿಕೊಂಡಳು.

ಆಮೇಲೆ ನಿಜ ಹೇಳಬೇಕೆಂದು ಎರಡು ಸಲ ಮಾನ್ವಿಗೆ ಹೋದೆ. ಎರಡು ಸಲವೂ ಮುದುಕಿ ಕಟ್ಟೆಯ ಮೇಲೆ ಕೂತಿದ್ದರು. "ಮಿಸ್ತ್ರಿ ಬಂದಾನ, ಚಾ ಕೊಡ್ರಿ" ಎಂದರು. ಚಹಾ ಕುಡಿದು ಬಂದೆ. ಅವರ ಮನಸ್ಸು ನೋಯಬಾರದೆಂದು ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ವರ್ಷ ಮುದುಕಿ ತೀರಿಕೊಂಡರು. ಇನ್ನು ನೆಪ ಹೇಳಿ ಬೆನ್ನ ಹಿಂದೆ ಅಡಗಿಕೊಳ್ಳಲು ಯಾರೂ ಉಳಿಯಲಿಲ್ಲ.

ಹೋದ ತಿಂಗಳು ಮಿಲ್ಲಿನಲ್ಲಿ ಸಾವುಕಾರರ ಮುಂದೆ ನಿಂತು ಕಾಯಿ ಇಟ್ಟದ್ದು, ನೀರು ಚೆಲ್ಲಿದ್ದು, ಸುಳ್ಳು ಹೇಳಿದ್ದು ಎಲ್ಲ ಹೇಳಿದೆ. ಅವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದರು.

"ಆಕಿಗೆ ಫೋನ್ ಹಚ್ಚು. ಮ್ಯಾಲಿನ ಹಾಲ್‌ನಾಗ ಹೊಸಾದು ಹಾಕಸೂದದ" ಎಂದರು.

ಹಚ್ಚಿದೆ. ಎತ್ತಿದಳು. ಹಿಂದೆ ಯಾರೋ ಮೈಕ್ ಪರೀಕ್ಷೆ ಮಾಡುತ್ತಿದ್ದರು. ಸಾವುಕಾರರು ಕರೆಯುತ್ತಿದ್ದಾರೆ ಎಂದು ಹೇಳಿದೆ.

"ನೀ ಮಾಡಿಕೊಡು. ನಿನಗ ಬರ್ತದಲ್ಲ" ಎಂದಳು.

"ನನಗ ಬರಂಗಿಲ್ಲ ಯಕ್ಕಾ. ಎಂದೂ ಬಂದಿಲ್ಲ."

ಆ ಕಡೆ ಮೈಕಿನ ಸದ್ದು ನಿಂತಿತು. "ಸಾವುಕಾರ್ರು ಕೇಳಾಕತ್ತಾರೇನು?"

"ಹೂಂ. ಮುಂದೇ ಕೂತಾರ."

"ಹಂಗಾದ್ರ ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ, ಮಿಲ್ಲಿನ ಹಮಾಲರಿಗೂ ಕೇಳುವಂತೆ. ಸಾವುಕಾರರು ಅವಳ ಜೊತೆ ಮಾತಾಡಲು ಕೈ ಚಾಚಿದರು. ಫೋನು ಅವರ ಕಿವಿಗೆ ಮುಟ್ಟುವಷ್ಟರಲ್ಲಿ ಅಕ್ಕ ಇಟ್ಟುಬಿಟ್ಟಿದ್ದಳು.