ಹನೂರಿಗೆ ಹೋದ ಸೊಪ್ಪಿನ ಪಟಗಳು

ಮದುವೆಯ ಗಂಡು ಬದಲಾದರೂ ಆದಾನು, ಅಚ್ಚುಕೂಟದ ಶಿವರುದ್ರಸ್ವಾಮಿಗಳು ಅಚ್ಚು ಹಾಕಿದ ಲಗ್ನಪತ್ರಿಕೆಯಲ್ಲಿ ಒಂದು ಕೊಂಬು ಬದಲಾಗದು ಅಂತ ಕೊಳ್ಳೇಗಾಲದ ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಊರಿನ್ನೂ ಮದರಾಸಿನ ಕಡೆಗೇ ಸೇರಿತ್ತು. ಸ್ವಾಮಿಗಳಿಗೂ ಈ ಹೊಗಳಿಕೆ ಬಲು ರುಚಿ. ಮಸಿ ಅಂಟಿದ ಬೆರಳಲ್ಲೇ ಮೀಸೆ ತೀಡಿ ತೀಡಿ, ಸಂಜೆಗೆ ಮೀಸೆಯೂ ಅಚ್ಚಾಗಿರುತ್ತಿತ್ತು.

ರೇಷ್ಮೆ ಹುಳ ಸಾಕುವವರಿಗೆಂದು ಅವರೊಂದು ಗೋಡೆಪಟ ಮಾಡಿದರು. ಹುಳ ಒಂದೊಂದು ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟು ಎದ್ದಾಗಲೂ ಅದಕ್ಕೆ ಎಷ್ಟು ಸೊಪ್ಪು ಬೇಕೋ ಅಷ್ಟೆತ್ತರದ ಬಣ್ಣದ ಕಂಬ. ಮರಿಹುಳಕ್ಕೆ ಹಾಕುವ ಎಳೆಸೊಪ್ಪಿಗೆ ಕೆಂಪು, ದೊಡ್ಡ ಹುಳಕ್ಕೆ ಹಾಕುವ ಬಲಿತ ಸೊಪ್ಪಿಗೆ ಹಸಿರು. ಓದು ಬಾರದವರೂ ಬಣ್ಣ ನೋಡಿ ಸೊಪ್ಪು ಕೊಯ್ದುಕೊಳ್ಳಲಿ ಅಂತ. ಬಿದಿರು ಕೊಳವೆಗೆ ಸುತ್ತಿ ಬಸ್ಸಿನ ಕಂಡಕ್ಟರನ ಕೈಲಿ ಯಳಂದೂರಿಗೆ ಕಳಿಸಿದ್ದೇ ತಡ, ಹನೂರಿನವರೂ ಕೇಳಿದರು.

ಹನೂರಿನ ಪಟಗಳಿಗೆ ಕೂತಾಗ ಹಸಿರು ಮಸಿ ತಳ ಕಂಡಿತು. ಬಲಿತ ಸೊಪ್ಪಿನ ಕಂಬಗಳು ಅಷ್ಟಷ್ಟೆತ್ತರ, ಮಸಿ ಕುಡಿಯುವುದೂ ಅಷ್ಟೇ. ಹೊಸ ಮಸಿ ಮೈಸೂರಿಂದ ಬರಬೇಕು, ಅಷ್ಟರಲ್ಲಿ ಹುಳ ಗೂಡು ಕಟ್ಟಿರುತ್ತವೆ. ಲಗ್ನಪತ್ರಿಕೆಯ ಕೆಂಪು ಮಾತ್ರ ಡಬ್ಬಿಗಟ್ಟಲೆ ಬಿದ್ದಿತ್ತು. ಸ್ವಾಮಿಗಳು ಬಣ್ಣ ಅದಲುಬದಲು ಮಾಡಿದರು. ಕೆಳಗೆ ‘ಹಸಿರು ಎಳೆಸೊಪ್ಪು, ಕೆಂಪು ಬಲಿತ ಸೊಪ್ಪು’ ಎಂದು ತಿದ್ದಿಯೂ ತಿದ್ದಿದರು. ಅಕ್ಷರ ತಪ್ಪಿರಲಿಲ್ಲ, ನೋಡಿ.

ಬಸ್ಸು ಹೊರಟ ಮೇಲೆ ಸ್ವಾಮಿಗಳಿಗೆ ಹೊಳೆಯಿತು. ಓದು ಬಾರದವರಿಗೆಂದು ಮಾಡಿದ ಪಟ, ಬದಲಾದದ್ದನ್ನು ಅಕ್ಷರದಲ್ಲಿ ಹೇಳಿದರೆ ಯಾರಿಗೆ ತಿಳಿಯಬೇಕು? ಕಂಡಕ್ಟರನಿಗೊಂದು ಮಾತು ಹೇಳಿ ಕಳಿಸಿದ್ದರೆ ಆಗುತ್ತಿತ್ತು. ಆದರೆ ಸ್ವಾಮಿಗಳ ಪಟ ತಪ್ಪಂತೆ ಅಂತ ಊರೆಲ್ಲ ಟಾಂಟಾಂ ಆಗುತ್ತದಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಹಾಗೇ ಬಿಟ್ಟರು. ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಆ ಹುಳದ ಬೆಳೆ ಮುಗಿಯುವ ಹೊತ್ತಿಗೆ ಹನೂರಿನ ಕಡೆಯ ಹೆಣ್ಣುಮಗಳೊಬ್ಬಳು ಪಟ ಸುತ್ತಿಕೊಂಡು ಅಚ್ಚುಕೂಟದ ಬಾಗಿಲಿಗೆ ಬಂದಳು. ಚನ್ನಮಲ್ಲಮ್ಮ ಅಂತ ಹೆಸರು.

“ಬುದ್ದಿ, ಇದರ ಕೆಳ್ಗಡೆ ಏನ್ ಬರ್ದದೆ, ವಸಿ ಓದೀರಾ? ನಮ್ಮ ಹುಳ ಎಲ್ಲಾ ಹಾಲುತೊಂಡೆ ರೋಗ ಬಂದು ಸತ್ತೋದ್ವು. ಮೈಲಿಗೇಲಿ ಹುಳದ ಕ್ವಾಣೆಗೆ ಓಗಿದ್ದೀಯೆ, ನಿನ್ ಕೈಯೇ ಸರಿಯಿಲ್ಲ ಅಂತಾರೆ ನಮ್ಮತ್ತೆ. ನಾ ಓಗಿಲ್ಲ ಬುದ್ದಿ. ಯಳಂದೂರಲ್ಲಿ ನಮ್ಮಣ್ಣ ಅವ್ರೂರ ಪಟ ತೋರ್ಸಿ, ಕೆಂಪು ಎಳೇದು, ಹಸ್ರು ಬಲ್ತದ್ದು ಅಂತ ಯೇಳ್ಕೊಟ್ಟಂಗೇ ಸೊಪ್ಪಾಕಿವ್ನಿ. ಮರಿಗೆ ಬಲ್ತದ್ದು ಯಾಕೆ ಅನ್ನುಸ್ತು. ಅಚ್ಚಾಗಿರೋದು ಸುಳ್ಳಾದದಾ ಅಂತ ಸುಮ್ನಾದೆ.”

ಸ್ವಾಮಿಗಳು ಓದಿದರು. ಓದಿ, ಮಸಿಯ ಕತೆಯನ್ನೂ ಹೇಳಿಬಿಟ್ಟರು.

ಚನ್ನಮಲ್ಲಮ್ಮ ಪಟದ ಕೆಂಪು ಕಂಬಗಳ ಮೇಲೆ ಬೆರಳಾಡಿಸಿದಳು. “ಇಷ್ಟ ಯೇಳಕ್ಕೆ ನಾನೇ ಬರಬೇಕಾಯ್ತಾ, ಬುದ್ದಿ?” ಅಂದಳು. ಪಟ ಸುತ್ತಿ ಕಂಕುಳಿಗಿಟ್ಟುಕೊಂಡು “ನಮ್ಮತ್ತೆಗೂ ಈ ಮಾತ ಯೇಳಿ” ಅಂದಳು.

ಸ್ವಾಮಿಗಳು ಅಂಗಿ ಬದಲಿಸದೆ ಅವಳ ಹಿಂದೆಯೇ ಬಸ್ಸು ಹತ್ತಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ, ಇವತ್ತಾದರೂ ಬೈಸಿಕೊಂಡು ಹಗುರಾಗುತ್ತೇನೆ ಅಂದುಕೊಂಡರು ಪಾಪ. ಅತ್ತೆ ದೊಡ್ಡಬಸಮ್ಮ ಜಗುಲಿಯಲ್ಲೇ ಕೂತಿದ್ದಳು. ಸ್ವಾಮಿಗಳು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ತಪ್ಪು ನನ್ನದು ತಾಯಿ, ಸೊಸೆಯದಲ್ಲ ಅಂದರು.

ದೊಡ್ಡಬಸಮ್ಮ ಪೂರ್ತಿ ಕೇಳಿದಳು. ಎದ್ದು ಬಂದು ಸ್ವಾಮಿಗಳ ಕಾಲಿಗೆ ಬಿದ್ದಳು.

“ನೀವು ದೊಡ್ಡೋರು ಬುದ್ದಿ. ಒಂದು ಎಣ್ಣಿನ ಮಾನ ಉಳ್ಸಕ್ಕೆ ಇಲ್ದಿರೋ ತಪ್ಪ ತಲೆ ಮ್ಯಾಲೆ ಒತ್ಕತೀರಿ. ನಿಮ್ ಅಚ್ಚಲ್ಲಿ ತಪ್ಪು ಬತ್ತದಾ?”

ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚನ್ನಮಲ್ಲಮ್ಮ ಕಣ್ಣೊರೆಸಿಕೊಂಡು, ಸ್ವಾಮಿಗಳಿಗೆ ಮಜ್ಜಿಗೆ ತಂದು ಕೊಟ್ಟಳು. ಮುಂದಿನ ಬೆಳೆಗೆ ಆ ಮನೆಯವರು ಮತ್ತೆ ಹುಳದ ಮೊಟ್ಟೆ ತಂದರು. ಕೈ ಸರಿಯಿಲ್ಲವೆಂದು ಚನ್ನಮಲ್ಲಮ್ಮನನ್ನು ಮಾತ್ರ ಹುಳದ ಕೋಣೆಯೊಳಕ್ಕೆ ಬಿಡಲಿಲ್ಲ.